ಪ್ರಥಮ ಸ್ಕೂಬಾ ನಿಮಜ್ಜನದ ಅಪಾಯಗಳು

ಸಮುದ್ರತೀರದ ವಿಹಾರಸ್ಥಳಗಳಿಗೆ ಬರುವ ಪ್ರವಾಸಿಗರನ್ನು, ಅವರಿಗೆ ಈಜು ಬರಲಿ ಬಾರದಿರಲಿ, ಸ್ವಲ್ಪ ಹೊತ್ತಿನ ಉಪದೇಶದ ತರುವಾಯ ಬೆನ್ನಿಗೆ ಸಂಪೀಡಿತ ವಾಯುವಿನ ಸಿಲಿಂಡರನ್ನು ಕಟ್ಟಿ, ಬಾಯಿಗೆ ಆ ವಾಯುವನ್ನೊದಗಿಸುವ ರೆಗ್ಯುಲೇಟರನ್ನು ಕೊಟ್ಟು, ಬೋಧಕನೊಬ್ಬನ ವಶದಲ್ಲಿ 6ರಿಂದ 12 ಮೀಟರುಗಳವರೆಗಿನ ಆಳಕ್ಕೆ ಇಳಿಸಿ, ಹವಳದ ದಿಬ್ಬಗಳನ್ನೂ ಅಲ್ಲಿ ಸಂಚರಿಸುವ ಮೀನುಗಳನ್ನೂ ಕೆಲವು ನಿಮಿಷಗಳ ಕಾಲ ತೋರಿಸಿ ಮೇಲಕ್ಕೆ ಕರೆತರುವ ಕ್ರಮವನ್ನು ಪ್ರಥಮ ನಿಮಜ್ಜನ ಅಥವಾ ಪರಿಚಯ ನಿಮಜ್ಜನವೆನ್ನಬಹುದು. ಆಸ್ಟ್ರೇಲಿಯದ ಮಹಾ ಹವಳದಂಡೆ, ಈಜಿಪ್ಟಿನ ಕೆಂಪು ಸಮುದ್ರದ ಕರಾವಳಿ, ಥಾಯ್ಲೆಂಡ್, ಬಾಲಿ, ಮಾಲ್ಡೀವ್ಸ್ ಮೊದಲಾದೆಡೆಗಳಲ್ಲಿ ಇದು ಬಹುಕಾಲದಿಂದ ಪ್ರವಾಸೋದ್ಯಮದ ಪ್ರಧಾನಾಂಗವಾಗಿದೆ. ಭಾರತದಲ್ಲಿ ಅಂಡಮಾನಿನ ಹ್ಯಾವ್ಲಾಕ್, ಎಂದರೆ ಇಂದಿನ ಸ್ವರಾಜ್ ದ್ವೀಪ, ಲಕ್ಷದ್ವೀಪ, ಗೋವೆಯ ಗ್ರಾಂಡೆ ದ್ವೀಪ, ಮಹಾರಾಷ್ಟ್ರದ ಮಾಲವಣ, ಪುದುಚೇರಿ ಇವುಗಳೊಡನೆ ಕರ್ನಾಟಕದ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ ಅರಬ್ಬೀ ಸಮುದ್ರದೊಳಗಿರುವ ನೇತ್ರಾಣಿಯೂ ಈ ವಿನೋದಕ್ಕೆ ಹೆಸರಾದ ತಾಣವಾಗಿದ್ದು, ರಜೆಯ ದಿನಗಳಲ್ಲಿ ಬೆಂಗಳೂರು, ಹುಬ್ಬಳ್ಳಿಗಳಿಂದ ಬರುವ ಯುವಕರು, ಸಂಸಾರಸ್ಥರು ಅಲ್ಲಿಗೆ ದೋಣಿಯೇರುತ್ತಾರೆ.

ಹೀಗೆ ಇಳಿದವರಲ್ಲಿ ಬಹುಮಂದಿ ಯಾವ ಕೇಡೂ ಇಲ್ಲದೆ ಸಂತೋಷದಿಂದಲೇ ಮರಳುತ್ತಾರೆಂಬುದು ನಿಜ. ಆದರೆ ಈ ಕ್ಷೇಮವು ಹೊಸಬನ ಸ್ವಂತ ಸಾಮರ್ಥ್ಯದಿಂದ ಬಂದುದಲ್ಲ. ಅದು ಪೂರ್ಣವಾಗಿ ಪರಾಧೀನವಾದುದು. ಬೋಧಕನ ಗಮನ ಒಂದು ನಿಮಿಷ ಬೇರೆಡೆಗೆ ಹರಿದರೆ, ಮುಖದ ಮಾಸ್ಕಿನೊಳಕ್ಕೆ ಒಂದು ಬೊಗಸೆ ನೀರು ನುಗ್ಗಿದರೆ, ಹೊಸಬನು ತನ್ನನ್ನು ತಾನು ಕಾಪಾಡಿಕೊಳ್ಳಲು ಬಲ್ಲುದು ಏನೂ ಇಲ್ಲ. ಇದ್ದುದೆಂದರೆ ನೆಲದ ಮೇಲೆ ಹುಟ್ಟಿ ಬೆಳೆದ ಪ್ರಾಣಿಯ ಸಹಜಪ್ರವೃತ್ತಿ ಮಾತ್ರ. ಉಸಿರು ಬಿಗಿಹಿಡಿ, ಮೇಲಕ್ಕೆ ಧಾವಿಸು ಎಂಬ ಆ ಪ್ರವೃತ್ತಿಯೇ ಸಂಪೀಡಿತ ವಾಯುವನ್ನು ಸೇವಿಸುತ್ತಿರುವವನಿಗೆ ಮೃತ್ಯುವಾಗಬಲ್ಲುದು. ‘ಹತ್ತು ಮೀಟರು ತಾನೆ, ಏನಾಗುತ್ತದೆ’ ಎಂದು ದೋಣಿಯ ಮೇಲೆ ಹೇಳುವ ಮಾತು ಎಷ್ಟು ಸಾಮಾನ್ಯವೋ ಅಷ್ಟೇ ತಪ್ಪಾದುದು.

ಸಂಪೀಡಿತ ವಾಯುವು ದೇಹದಲ್ಲಿ ಮಾಡುವ ಪರಿಣಾಮಗಳ ಶಾಸ್ತ್ರ ಒಮ್ಮೆಲೇ ಹುಟ್ಟಿದುದಲ್ಲ. 1878ರಲ್ಲಿ ಫ್ರೆಂಚ್ ಶರೀರಕ್ರಿಯಾವಿಜ್ಞಾನಿ ಪಾಲ್ ಬೇರ್ ವಾಯುಭಾರವನ್ನು ಕುರಿತ ತನ್ನ ಬೃಹದ್ಗ್ರಂಥದಲ್ಲಿ, ಅಧಿಕ ಒತ್ತಡದಿಂದ ಹೊರಬಂದವರ ದೇಹದಲ್ಲಿ ಸಾರಜನಕವು ಗುಳ್ಳೆಗಳಾಗಿ ಬಿಡುಗಡೆಯಾಗುವುದನ್ನು ವಿವರಿಸಿದನು. ಮೂವತ್ತು ವರ್ಷಗಳ ಬಳಿಕ, 1908ರಲ್ಲಿ, ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ ತನ್ನ ಸಹೋದ್ಯೋಗಿಗಳೊಡನೆ ಆಡುಗಳ ಮೇಲೆ ಪ್ರಯೋಗಗಳನ್ನು ನಡೆಸಿ, ಮುಳುಗುಗಾರರು ಹಂತಹಂತವಾಗಿ ಮೇಲೇರಬೇಕಾದ ಕ್ರಮವನ್ನು ಪಟ್ಟಿಗಳ ರೂಪದಲ್ಲಿ ಪ್ರಕಟಿಸಿದನು. ಆ ಕಾಲದ ಮುಳುಗುಗಾರರೆಲ್ಲ ನೌಕಾಪಡೆಯವರು, ಸೇತುವೆ ಬಂದರುಗಳ ಕೆಲಸಗಾರರು, ವೃತ್ತಿಪರರು. 1943ರಲ್ಲಿ ಝಾಕ್ ಈವ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಎಂಬ ಫ್ರೆಂಚರಿಬ್ಬರು, ಉಸಿರೆಳೆದಾಗ ಮಾತ್ರ ಸುತ್ತಣ ನೀರಿನ ಒತ್ತಡಕ್ಕೆ ಸಮನಾದ ವಾಯುವನ್ನು ಕೊಡುವ ಸಾಧನವನ್ನು ಸಿದ್ಧಪಡಿಸಿದ ಮೇಲೆ ಸಮುದ್ರತಳ ಸಾಮಾನ್ಯರಿಗೂ ತೆರೆದುಕೊಂಡಿತು. ಬ್ರಿಟಿಷ್ ಸಬ್-ಆಕ್ವಾ ಕ್ಲಬ್ 1953ರಲ್ಲಿಯೂ ಅಮೆರಿಕದ ಪ್ಯಾಡಿ ಎಂಬ ಬೋಧಕರ ಸಂಸ್ಥೆ 1966ರಲ್ಲಿಯೂ ಸ್ಥಾಪಿತವಾದುದು ಈ ಹೊಸ ಸ್ವಾತಂತ್ರ್ಯಕ್ಕೆ ಶಿಕ್ಷಣದ ಅಂಕುಶವನ್ನು ಒದಗಿಸಬೇಕೆಂಬ ಎಚ್ಚರದಿಂದಲೇ. ಆದರೆ ಕಾಲಕ್ರಮದಲ್ಲಿ, ನಾಲ್ಕಾರು ದಿನ ಕಲಿಯಲು ಬಿಡುವಿಲ್ಲದ ಪ್ರವಾಸಿಗಾಗಿ ಒಂದೇ ಮುಂಜಾನೆಯಲ್ಲಿ ಮುಗಿಯುವ ಪರಿಚಯಕ್ರಮವನ್ನು ಅದೇ ಸಂಸ್ಥೆಗಳು ರೂಪಿಸಬೇಕಾಯಿತು. ಅದಕ್ಕೆ 12 ಮೀಟರಿನ ಆಳದ ಮಿತಿ, ಹತ್ತು ವರ್ಷದ ಕನಿಷ್ಠ ವಯಸ್ಸು, ಬೋಧಕನ ನೇರ ಮೇಲ್ವಿಚಾರಣೆ ಮೊದಲಾದ ಕಟ್ಟುಗಳನ್ನು ಪ್ಯಾಡಿ ವಿಧಿಸಿದೆ. 2009ರಲ್ಲಿ ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯೂ ಇಂಥ ಪರಿಚಯಕ್ರಮಗಳಿಗೆಂದೇ 11121ನೆಯ ಸಂಖ್ಯೆಯ ಮಾನಕವನ್ನು ಹೊರಡಿಸಿತು.

ಅಪಾಯದ ಮೂಲವನ್ನು ತಿಳಿಯಬೇಕಾದರೆ ನೀರಿನ ಒತ್ತಡದ ಗಣಿತವನ್ನು ಸ್ವಲ್ಪ ಗಮನಿಸಬೇಕು. ಸಮುದ್ರದ ಮೇಲ್ಮೈಯಲ್ಲಿ ನಮ್ಮ ಮೇಲಿರುವುದು ಒಂದು ವಾಯುಮಂಡಲದ ಒತ್ತಡ. ಸಮುದ್ರದ ನೀರಿನಲ್ಲಿ ಇಳಿಯುವ ಪ್ರತಿ 10 ಮೀಟರಿಗೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಸೇರುತ್ತದೆ. ಅನಿಲದ ಒತ್ತಡ ಇಮ್ಮಡಿಯಾದರೆ ಅದರ ಗಾತ್ರ ಅರ್ಧವಾಗುವುದೆಂಬ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿಯೇ ಪ್ರಕಟಿಸಿದ್ದನು. ಈ ಎರಡನ್ನೂ ಕೂಡಿಸಿ ನೋಡಿದಾಗ ಸಾಮಾನ್ಯ ನಂಬಿಕೆಗೆ ವಿರುದ್ಧವಾದ ಒಂದು ಸಂಗತಿ ಗೋಚರಿಸುತ್ತದೆ. ಮುಳುಗುಗಾರನು 40 ಮೀಟರಿನಿಂದ 30 ಮೀಟರಿಗೆ ಏರಿದಾಗ ಒತ್ತಡ ಐದು ವಾಯುಮಂಡಲದಿಂದ ನಾಲ್ಕಕ್ಕೆ ಇಳಿದು, ಅವನೊಳಗಿನ ವಾಯು ಕಾಲುಭಾಗ ಮಾತ್ರ ಹಿಗ್ಗುತ್ತದೆ. ಆದರೆ 10 ಮೀಟರಿನಿಂದ ಮೇಲ್ಮೈಗೆ ಏರಿದವನಲ್ಲಿ ಅದೇ ವಾಯು ಇಮ್ಮಡಿಯಾಗುತ್ತದೆ. ವಾಯುವಿನ ಗಾತ್ರದ ಅತ್ಯಂತ ತೀವ್ರವಾದ ಪರಿವರ್ತನೆ ನಡೆಯುವುದು ಆಳದಲ್ಲಲ್ಲ, ಮೇಲ್ಮೈಗೆ ತೀರ ಸಮೀಪದಲ್ಲಿ, ಹೊಸಬರನ್ನು ಇಳಿಸುವ ಆ ಮೊದಲ ಹತ್ತು ಮೀಟರುಗಳಲ್ಲಿಯೇ.

ಇದರ ಘೋರತಮ ಪರಿಣಾಮಕ್ಕೆ ಗುರಿಯಾಗುವುದು ಶ್ವಾಸಕೋಶ. 10 ಮೀಟರಿನ ಆಳದಲ್ಲಿ 6 ಲೀಟರು ವಾಯುವನ್ನು ಪೂರ್ಣವಾಗಿ ಎಳೆದುಕೊಂಡವನು ಬಾಯಿ ಬಿಗಿದು ಮೇಲೇರಿದನೆನ್ನಿ. ಮೇಲ್ಮೈಯನ್ನು ಮುಟ್ಟುವಷ್ಟರಲ್ಲಿ ಆ ವಾಯು 12 ಲೀಟರಿನ ಅವಕಾಶವನ್ನು ಬೇಡುತ್ತದೆ, ಎದೆಗೂಡಿನಲ್ಲಿ ಆ ಅವಕಾಶವಿಲ್ಲ. ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಗೋಡೆಗಳುಳ್ಳ ಕೋಟ್ಯಂತರ ವಾಯುಕೋಶಗಳಲ್ಲಿ ಕೆಲವು ಹರಿಯುತ್ತವೆ. ಹೊರಬಿದ್ದ ವಾಯು ಎದೆಗೂಡಿನ ಪೊರೆಗಳ ನಡುವೆ ಸೇರಿ ಶ್ವಾಸಕೋಶವನ್ನು ಕುಗ್ಗಿಸಬಹುದು, ಕತ್ತಿನ ಚರ್ಮದಡಿಗೆ ಹರಿದು ಅಲ್ಲಿ ಊತವನ್ನುಂಟುಮಾಡಬಹುದು. ಎಲ್ಲಕ್ಕಿಂತ ಕೆಟ್ಟದೆಂದರೆ, ಹರಿದ ರಕ್ತನಾಳಗಳನ್ನು ಹೊಕ್ಕು, ಹೃದಯದ ಎಡಭಾಗದ ಮೂಲಕ ಮಹಾಪಧಮನಿಯನ್ನು ಸೇರಿ, ಅಲ್ಲಿಂದ ಮೆದುಳಿಗೆ ಏರಿ ರಕ್ತಸಂಚಾರವನ್ನು ತಡೆಯಬಹುದು. ವೈದ್ಯಶಾಸ್ತ್ರದಲ್ಲಿ ಅಪಧಮನಿಯ ವಾಯುರೋಧವೆಂದು ಹೆಸರಾದ ಈ ಸ್ಥಿತಿಯ ಚಿಹ್ನೆಗಳು ಸಾಮಾನ್ಯವಾಗಿ ಮೇಲೆ ಬಂದ ಕೆಲವೇ ನಿಮಿಷಗಳಲ್ಲಿ ತೋರುತ್ತವೆ. ದೋಣಿಯ ಅಂಚನ್ನು ಹಿಡಿದು ನಗುತ್ತಿದ್ದವನು ಮಾತು ತೊದಲಿ, ಒಂದು ಪಾರ್ಶ್ವ ಸೋತು, ಸೆಳೆತ ಬಂದು ಸ್ಮೃತಿ ತಪ್ಪುವುದುಂಟು. ಇದಕ್ಕೆ ಹತ್ತು ಮೀಟರಿನ ಆಳವೂ ಬೇಡ. ತುಂಬಿದ ಶ್ವಾಸಕೋಶದೊಡನೆ ಉಸಿರುಗಟ್ಟಿ ಸುಮಾರು 1.2 ಮೀಟರಿನಷ್ಟು ಏರಿದರೂ ವಾಯುಕೋಶಗಳು ಹರಿಯಲು ಸಾಕೆಂದು ಈ ಶಾಸ್ತ್ರದ ಗ್ರಂಥಗಳು ಎಚ್ಚರಿಸುತ್ತವೆ. ಎಂದರೆ, ಎದೆಮಟ್ಟದ ನೀರಿನಲ್ಲಿ ‘ಸುಮ್ಮನೆ ಒಂದು ಸಲ’ ಸಿಲಿಂಡರಿನ ಗಾಳಿಯನ್ನೆಳೆದು ಎದ್ದುನಿಲ್ಲುವವನಿಗೂ ಈ ನಿಯಮದಿಂದ ವಿನಾಯಿತಿಯಿಲ್ಲ.

ಇಲ್ಲಿ ಈಜು ಬಲ್ಲವರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ನಮ್ಮ ಹಳ್ಳಿಗಳಲ್ಲಿ ಬಾವಿ, ಕೆರೆ, ಹೊಳೆಗಳಲ್ಲಿ ಈಜು ಕಲಿತವರೆಲ್ಲರೂ ಮುಳುಗುಹಾಕುವಾಗ ಉಸಿರನ್ನು ಕಟ್ಟಿಯೇ ಕಲಿತವರು. ಅದು ಅಲ್ಲಿ ಸರಿಯಾದ ಕ್ರಮ: ಮೇಲೆ ಎಳೆದುಕೊಂಡ ಉಸಿರು ಕೆಳಗೆ ಕುಗ್ಗಿ, ಮರಳಿ ಮೇಲಕ್ಕೆ ಬಂದಾಗ ಮೊದಲಿನ ಗಾತ್ರಕ್ಕೆ ಹಿಂದಿರುಗುವುದೇ ಹೊರತು ಅದಕ್ಕಿಂತ ಹೆಚ್ಚಾಗಲಾರದು. ಸಿಲಿಂಡರಿನ ಗಾಳಿಯನ್ನು ಕೆಳಗೆ ಎಳೆದುಕೊಂಡವನ ಸ್ಥಿತಿ ಅದಕ್ಕೆ ತೀರ ವಿಪರೀತವಾದುದು. ಆದುದರಿಂದ ಈಜುಗಾರಿಕೆಯು ಧೈರ್ಯವನ್ನು ಕೊಡುತ್ತದೆಯೇ ಹೊರತು ಈ ವಿಷಯದಲ್ಲಿ ರಕ್ಷಣೆಯನ್ನು ಕೊಡದು. ಬಾಲ್ಯದಿಂದ ಮೈಗೂಡಿದ ಅಭ್ಯಾಸವು ಗಾಬರಿಯ ಕ್ಷಣದಲ್ಲಿ ತಾನಾಗಿಯೇ ಮೇಲೆದ್ದು ಬರುತ್ತದೆ. ಬೋಧಕರು ಎಲ್ಲಕ್ಕಿಂತ ಮೊದಲು ಹೇಳುವ ‘ಉಸಿರು ಹಿಡಿಯಬೇಡಿ’ ಎಂಬ ಎರಡು ಪದಗಳು ಹತ್ತು ನಿಮಿಷದ ಉಪದೇಶದಲ್ಲಿ ಕಿವಿಯನ್ನು ಮುಟ್ಟಬಹುದು. ಅಭ್ಯಾಸವಿಲ್ಲದೆ ದೇಹವನ್ನು ಮುಟ್ಟುವುದಿಲ್ಲ.

ಕಿವಿಯ ಕಷ್ಟ ಇದಕ್ಕಿಂತ ಸೌಮ್ಯವಾದುದಾದರೂ ಬಹು ಸಾಧಾರಣವಾದುದು. ಇಳಿಯುವಾಗ ಹೊರಗಿನ ಒತ್ತಡ ಕಿವಿಯ ತಮಟೆಯನ್ನು ಒಳಕ್ಕೆ ದೂಡುತ್ತದೆ. ಮೂಗಿನ ಹಿಂಭಾಗದಿಂದ ನಡುಗಿವಿಗೆ ಹೋಗುವ ಯೂಸ್ಟೇಶಿಯನ್ ನಾಳವನ್ನು ತೆರೆದು ಒಳಗಿನ ಒತ್ತಡವನ್ನು ಸರಿತೂಗಿಸಬೇಕು. ಮೂಗನ್ನು ಮುಚ್ಚಿ ಮೆಲ್ಲನೆ ಊದುವ ಕ್ರಮಕ್ಕೆ, ಅದನ್ನು 1704ರಲ್ಲಿ ಕಿವಿಯನ್ನು ಕುರಿತ ತನ್ನ ಗ್ರಂಥದಲ್ಲಿ ವರ್ಣಿಸಿದ ಇಟಲಿಯ ಅಂಗರಚನಾಶಾಸ್ತ್ರಜ್ಞ ವಾಲ್ಸಾಲ್ವನ ಹೆಸರೇ ಇದೆ. ದೋಣಿಯವರು ಇದನ್ನು ‘ಈಕ್ವಲೈಸ್ ಮಾಡುವುದು’ ಎನ್ನುತ್ತಾರೆ. ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರಿಗೊಮ್ಮೆ ಇದನ್ನು ಮಾಡಬೇಕು. ಸುಮಾರು 1.2 ಮೀಟರಿನಷ್ಟು ಆಳದವರೆಗೆ ಮಾಡದೆ ಬಿಟ್ಟರೆ ಒತ್ತಡದ ಅಂತರದಿಂದಲೇ ನಾಳದ ಬಾಯಿ ಬಿಗಿದುಕೊಂಡು, ಆಮೇಲೆ ಎಷ್ಟು ಊದಿದರೂ ತೆರೆಯದಂತಾಗಬಹುದು. ಆಗ ಮಾಡಬೇಕಾದುದು ಒಂದೇ, ಸ್ವಲ್ಪ ಮೇಲಕ್ಕೇರಿ ಮತ್ತೆ ಪ್ರಯತ್ನಿಸುವುದು. ಹಣ ಕೊಟ್ಟು ಬಂದಿರುವೆನೆಂಬ ಹಟದಿಂದಲೋ, ಜೊತೆಯವರು ಕೆಳಗೆ ಕಾಯುತ್ತಿರುವರೆಂಬ ಸಂಕೋಚದಿಂದಲೋ ನೋವನ್ನು ಸಹಿಸಿ ಇಳಿದವರ ನಡುಗಿವಿಯಲ್ಲಿ ರಕ್ತ ಸೇರುತ್ತದೆ, ಒಮ್ಮೊಮ್ಮೆ ತಮಟೆಯೇ ಹರಿಯುತ್ತದೆ. ಹರಿದ ತಮಟೆಯ ಮೂಲಕ ದೇಹಕ್ಕಿಂತ ತಂಪಾದ ನೀರು ಒಳಹೊಕ್ಕಾಗ ಸಮತೋಲನದ ಅಂಗ ಕದಡಿ, ಮೇಲಾವುದು ಕೆಳಗಾವುದು ಎಂಬುದೇ ತಿಳಿಯದ ತಲೆಸುತ್ತು ಬರುತ್ತದೆ. ಬಲವಾಗಿ ಊದಿದವರಿಗೆ ಒಳಗಿವಿಯ ಸೂಕ್ಷ್ಮ ಗವಾಕ್ಷಗಳೇ ಹರಿದು ಶಾಶ್ವತವಾದ ಕಿವುಡು ಬರುವುದೂ ಉಂಟು. ನೆಗಡಿಯಾದವರು ಅಂದು ನೀರಿಗಿಳಿಯಲೇಬಾರದು. ನೆಗಡಿಗೆ ಗುಳಿಗೆ ನುಂಗಿ ಇಳಿದವರಲ್ಲಿ ಔಷಧದ ಬಲ ಕೆಳಗಿರುವಾಗಲೇ ಮುಗಿದರೆ, ಏರುವಾಗ ಹಿಗ್ಗುವ ವಾಯುವಿಗೆ ಹೊರದಾರಿ ಮುಚ್ಚಿಹೋಗುತ್ತದೆ.

ಆದರೆ ಇವೆಲ್ಲಕ್ಕೂ ಹಿಂದೆ ನಿಂತು ಇವನ್ನು ಎಬ್ಬಿಸುವ ಮೂಲಶತ್ರು ಗಾಬರಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವಿಲಿಯಂ ಮಾರ್ಗನ್ ಎಂಬ ವಿದ್ವಾಂಸನು 1990ರ ದಶಕದಲ್ಲಿ ವಿಚಾರಿಸಿದಾಗ, ತರಬೇತಿ ಪಡೆದ ಹವ್ಯಾಸಿ ಮುಳುಗುಗಾರರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಮಂದಿ ಒಮ್ಮೆಯಾದರೂ ನೀರೊಳಗೆ ತೀವ್ರ ಗಾಬರಿಗೆ ಒಳಗಾಗಿದ್ದುದಾಗಿ ಒಪ್ಪಿಕೊಂಡರು. ಕಲಿತವರ ಪಾಡೇ ಹೀಗಿರುವಾಗ ಕಲಿಯದವರ ಸ್ಥಿತಿಯನ್ನು ಊಹಿಸಬಹುದು.

ಗಾಬರಿ ಬೆಳೆಯುವ ಬಗೆ ಹೀಗೆ: ಮುಖಕ್ಕೆ ಸರಿಯಾಗಿ ಹೊಂದದ ಮಾಸ್ಕಿನ ಅಂಚಿನಲ್ಲಿ ಒಂದು ಕೂದಲು ಸಿಕ್ಕಿಕೊಂಡಿದ್ದರೂ ಸಾಕು, ಅಥವಾ ಕೆಳಗಿನ ದೃಶ್ಯವನ್ನು ಕಂಡ ಸಂತೋಷದಲ್ಲಿ ನಕ್ಕರೂ ಸಾಕು, ಕೆನ್ನೆಯ ಸುಕ್ಕಿನ ದಾರಿಯಲ್ಲಿ ಉಪ್ಪುನೀರು ತೊಟ್ಟುತೊಟ್ಟಾಗಿ ಒಳಕ್ಕೆ ಜಿನುಗಿ ಮೂಗಿನ ಹೊಳ್ಳೆಗಳನ್ನು ಮುಟ್ಟುತ್ತದೆ. ಬಾಯಿಂದ ಮಾತ್ರ ಉಸಿರಾಡಬೇಕೆಂಬುದು ಹೊಸಬನಿಗೆ ಗೊತ್ತು, ಆದರೆ ಹುಟ್ಟಿನಿಂದ ಮೂಗಿನಲ್ಲಿ ಉಸಿರಾಡಿದವನು ಮೂಗಿಗೆ ನೀರು ತಗುಲಿದ ಕೂಡಲೇ ಒಂದು ಸಲ ಒಳಕ್ಕೆ ಎಳೆದೇ ಎಳೆಯುತ್ತಾನೆ. ಗಂಟಲಿಗೆ ನೀರು ಬಡಿದು ಕೆಮ್ಮು ಬರುತ್ತದೆ. ಕೆಮ್ಮಿದಾಗ ರೆಗ್ಯುಲೇಟರು ಬಾಯಿಂದ ಜಾರುತ್ತದೆ, ಇಲ್ಲವೆ ತನ್ನನ್ನು ಉಸಿರುಗಟ್ಟಿಸುತ್ತಿರುವುದು ಅದೇ ಎಂದು ಭ್ರಮಿಸಿ ಅವನೇ ಅದನ್ನು ಕಿತ್ತೆಸೆಯುತ್ತಾನೆ. ತರಬೇತಾದವನು ಇಂಥ ಸಮಯದಲ್ಲಿ ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಮೂಗಿನಿಂದ ಊದಿ ನೀರನ್ನು ಹೊರಹಾಕುತ್ತಾನೆ, ಜಾರಿದ ರೆಗ್ಯುಲೇಟರನ್ನು ತೋಳಿನ ಒಂದು ಬೀಸಿನಿಂದ ಮರಳಿ ಹಿಡಿಯುತ್ತಾನೆ. ಇವು ಕಷ್ಟದ ವಿದ್ಯೆಗಳೇನಲ್ಲ, ಆದರೆ ಕೈ ತಾನಾಗಿ ಮಾಡುವವರೆಗೆ ಅಭ್ಯಾಸವಾಗಿರಬೇಕಾದವು. ಹೊಸಬನಿಗೆ ಕಾಣುವ ದಾರಿ ಒಂದೇ, ತಲೆಯ ಮೇಲೆ ಹೊಳೆಯುತ್ತಿರುವ ಬೆಳಕು.

ಭಯವು ಉಸಿರಾಟವನ್ನೂ ಕೆಡಿಸುತ್ತದೆ. 10 ಮೀಟರಿನಲ್ಲಿ ಸೇವಿಸುವ ವಾಯು ಮೇಲಿನದಕ್ಕಿಂತ ಇಮ್ಮಡಿ ಸಾಂದ್ರವಾದುದು, ಅದನ್ನು ಎಳೆದು ಬಿಡುವುದರಲ್ಲಿ ಶ್ರಮ ಹೆಚ್ಚು. ಹೆದರಿದವನು ಗಿಡ್ಡಗಿಡ್ಡವಾಗಿ, ಪೂರ್ಣ ಹೊರಬಿಡದೆ ಉಸಿರಾಡುವುದರಿಂದ ದೇಹದಲ್ಲಿ ಇಂಗಾಲದ ಡೈಆಕ್ಸೈಡ್ ಶೇಖರವಾಗಿ, ಸಿಲಿಂಡರು ತುಂಬಿದ್ದರೂ ಗಾಳಿ ಸಾಲದೆಂಬ ಯಾತನೆ ಹುಟ್ಟುತ್ತದೆ. ನೀರಿನಲ್ಲಿ ವಸ್ತುಗಳು ಇದ್ದುದಕ್ಕಿಂತ ದೊಡ್ಡವಾಗಿಯೂ ಹತ್ತಿರವಾಗಿಯೂ ಕಾಣುವುದು, ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಕ್ಕ ವೇಗದಲ್ಲಿ ಬರುವುದರಿಂದ ಅದರ ದಿಕ್ಕು ತಿಳಿಯದಿರುವುದು, ಮಾತನಾಡಲಾಗದಿರುವುದು ಇವೂ ಸೇರಿಕೊಳ್ಳುತ್ತವೆ. ಸನ್ನೆಗಳ ವಿಷಯದಲ್ಲಿಯೂ ಒಂದು ತೊಡಕುಂಟು. ನೆಲದ ಮೇಲೆ ಹೆಬ್ಬೆರಳನ್ನೆತ್ತಿ ತೋರಿಸುವುದಕ್ಕೆ ‘ಚೆನ್ನಾಗಿದ್ದೇನೆ’ ಎಂದರ್ಥ. ಮುಳುಗುಗಾರರಲ್ಲಿ ಅದೇ ಸನ್ನೆಗೆ ‘ಮೇಲಕ್ಕೆ ಹೋಗೋಣ’ ಎಂದರ್ಥ, ಕ್ಷೇಮಕ್ಕೆ ಹೆಬ್ಬೆರಳು ತೋರುಬೆರಳುಗಳ ವೃತ್ತವೇ ಬೇರೆ. ಹೊಸಬರು ಸಂತೋಷದಿಂದ ಮತ್ತೆ ಮತ್ತೆ ಹೆಬ್ಬೆರಳನ್ನು ತೋರಿಸುತ್ತಲೇ ಇರುವುದರಿಂದ, ನಿಜವಾಗಿ ಮೇಲಕ್ಕೆ ಹೋಗಬೇಕೆಂದಾಗಿನ ಹೆಬ್ಬೆರಳನ್ನು ಬೋಧಕನು ಸಂತೋಷದ ಚಿಹ್ನೆಯೆಂದು ಬಗೆಯುವ ಸಂಭವವಿದೆ.

ಅಮೆರಿಕದ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಂಶೋಧಕರು 1992ರಿಂದ 2003ರವರೆಗಿನ 947 ಹವ್ಯಾಸಿ ಮುಳುಗುಗಾರರ ಮರಣಗಳನ್ನು ವಿಮರ್ಶಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಸಂದರ್ಭದಲ್ಲಿ ಉಲ್ಲೇಖಾರ್ಹವಾದುದು. ಕಾರಣ ತಿಳಿದ ಪ್ರಕರಣಗಳಲ್ಲಿ, ಕೇಡಿನ ಸರಪಣಿಯನ್ನು ಆರಂಭಿಸಿದ ಸಂಗತಿ ಶೇಕಡ 41ರಷ್ಟು ಸಲ ವಾಯುವಿನ ಕೊರತೆಯಾಗಿದ್ದು, ಅದನ್ನು ಅಪಾಯಕ್ಕೆ ತಿರುಗಿಸಿದ ಕೃತ್ಯ ಶೇಕಡ 55ರಷ್ಟು ಸಲ ತುರ್ತಿನ ಮೇಲೇರುವಿಕೆಯಾಗಿತ್ತು. ಉಸಿರುಗಟ್ಟುವಿಕೆ, ಅಪಧಮನಿಯ ವಾಯುರೋಧ, ಹೃದಯದ ತೊಂದರೆ ಈ ಮೂರೇ ಬಹುಪಾಲು ಮಂದಿಯನ್ನು ಅಸಮರ್ಥರನ್ನಾಗಿಸಿದ್ದವು. ಆ ಅಧ್ಯಯನವು ಎಲ್ಲ ಬಗೆಯ ಹವ್ಯಾಸಿಗಳನ್ನು ಒಳಗೊಂಡುದು, ಪ್ರಥಮ ನಿಮಜ್ಜನಕ್ಕೆ ಮೀಸಲಾದುದಲ್ಲ. ಆದರೂ ಆಳದಿಂದ ಹಠಾತ್ತನೆ ಮೇಲಕ್ಕೆ ಧಾವಿಸುವುದೇ ಕೇಡಿನ ಹೆಬ್ಬಾಗಿಲೆಂಬುದನ್ನು ಅದು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟಿದೆ. ಈ ಧಾವನಕ್ಕೆ ಉಪಕರಣವೂ ಕೆಲವೊಮ್ಮೆ ಸಹಾಯಕವಾಗುತ್ತದೆ. ದೇಹವನ್ನು ತೇಲಿಸುವ ವಾಯುಕವಚದಲ್ಲಿ ಗಾಳಿ ತುಂಬುವ ಗುಂಡಿ, ಗಾಳಿ ಬಿಡುವ ಗುಂಡಿ ಎರಡೂ ಒಂದೇ ಕೊಳವೆಯ ತುದಿಯಲ್ಲಿ ಅಕ್ಕಪಕ್ಕದಲ್ಲಿರುತ್ತವೆ. ತಪ್ಪಾದುದನ್ನು ಒತ್ತಿದರೆ ಏರುವಿಕೆ ಆರಂಭವಾಗಿ, ಏರಿದಷ್ಟೂ ಕವಚದೊಳಗಿನ ಗಾಳಿ ತಾನೇ ಹಿಗ್ಗಿ ವೇಗ ಇನ್ನೂ ಹೆಚ್ಚುತ್ತದೆ. ನಿಮಿಷಕ್ಕೆ 9 ಮೀಟರಿನಂತೆ ಏರಬೇಕೆಂಬುದು ಇಂದು ವ್ಯಾಪಕವಾಗಿ ಅಂಗೀಕೃತವಾದ ನಿಯಮವಾಗಿರಲು, ಗಾಬರಿಗೊಂಡವನು ಅಷ್ಟೇ ದೂರವನ್ನು ಕೆಲವೇ ಸೆಕೆಂಡುಗಳಲ್ಲಿ ದಾಟಿಬಿಡುತ್ತಾನೆ.

ಹೃದಯದ ವಿಚಾರವನ್ನು ಹೊಸಬರು ಯಾರೂ ಯೋಚಿಸುವುದಿಲ್ಲ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತ ಮಾತ್ರಕ್ಕೇ ಕೈಕಾಲುಗಳ ರಕ್ತ ಎದೆಯ ಕಡೆಗೆ ಸರಿದು ಹೃದಯದ ಭಾರ ಹೆಚ್ಚುತ್ತದೆ. ಅದಕ್ಕೆ ಭಯವೂ ಅಲೆಗಳೊಡನೆ ಸೆಣಸುವ ಶ್ರಮವೂ ಕೂಡಿದರೆ, ನಲವತ್ತು ಐವತ್ತು ದಾಟಿದ, ಅಧಿಕ ರಕ್ತದೊತ್ತಡವುಳ್ಳ, ವರ್ಷವೆಲ್ಲ ಕುಳಿತೇ ಕೆಲಸ ಮಾಡುವ ವ್ಯಕ್ತಿಗೆ ಅದು ತಿಳಿಯದೆಯೇ ಒಡ್ಡಿಕೊಂಡ ಕಠಿಣ ಪರೀಕ್ಷೆಯಾಗುತ್ತದೆ. ಇದಲ್ಲದೆ, ನೀರಿನಲ್ಲಿರುವಾಗ ಶ್ವಾಸಕೋಶದೊಳಗೆ ದ್ರವ ಜಿನುಗಿ ನೊರೆಗಫ ಬರುವ ಒಂದು ಸ್ಥಿತಿಯೂ ಉಂಟು. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪೀಟರ್ ವಿಲ್ಮ್ಸ್‌ಹರ್ಸ್ಟ್ ಮತ್ತು ಸಹೋದ್ಯೋಗಿಗಳು ವರ್ಣಿಸಿದ ಮೇಲೆ ವೈದ್ಯರ ಲಕ್ಷ್ಯಕ್ಕೆ ಬಂದ ಇದು, ನೋಡುವವರಿಗೆ ಬರಿಯ ಗಾಬರಿಯಂತೆಯೇ ಕಾಣುವುದರಿಂದ ಮೋಸಗೊಳಿಸುತ್ತದೆ. ನೀರೊಳಗೆ ಉಸಿರು ಸಾಲುತ್ತಿಲ್ಲವೆಂದು ಸೂಚಿಸುವವನನ್ನು ಸಮಾಧಾನಪಡಿಸಿ ಅಲ್ಲಿಯೇ ಉಳಿಸಿಕೊಳ್ಳುವುದು ಈ ಕಾರಣದಿಂದ ಸಲ್ಲದು. ಅವನನ್ನು ನೀರಿನಿಂದ ಹೊರತೆಗೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ.

ಉಬ್ಬಸ, ಹಿಂದೆ ಎಂದಾದರೂ ತಾನಾಗಿ ಕುಗ್ಗಿದ ಶ್ವಾಸಕೋಶ, ಅಪಸ್ಮಾರ, ಹೃದಯರೋಗ, ಕಿವಿಯ ಶಸ್ತ್ರಚಿಕಿತ್ಸೆ, ಗರ್ಭಾವಸ್ಥೆ ಇವುಗಳಲ್ಲಿ ಯಾವುದಿದ್ದರೂ ವೈದ್ಯರ ಅಪ್ಪಣೆಯಿಲ್ಲದೆ ಇಳಿಯಕೂಡದು, ಕೆಲವಿದ್ದರೆ ಇಳಿಯಲೇಕೂಡದು. ಇದನ್ನು ತಿಳಿಯಲೆಂದೇ ಒಂದು ಪ್ರಶ್ನಪತ್ರವಿರುತ್ತದೆ; ತಜ್ಞ ವೈದ್ಯರು 2020ರಲ್ಲಿ ಅದನ್ನು ಪರಿಷ್ಕರಿಸಿ ಸುಲಭಗೊಳಿಸಿದ್ದಾರೆ. ಆದರೆ ಆ ಪತ್ರವು ಪ್ರವಾಸಿಯ ಕೈಗೆ ಬರುವ ಸಂದರ್ಭವನ್ನು ನೋಡಬೇಕು. ಮುನ್ನೂರು ನಾನೂರು ಕಿಲೋಮೀಟರು ರಾತ್ರಿಯೆಲ್ಲ ಬಸ್ಸಿನಲ್ಲಿ ಪ್ರಯಾಣ ಮಾಡಿ, ಹಣವನ್ನು ಮುಂಗಡವಾಗಿ ತೆತ್ತು, ಬೆಳಗ್ಗೆ ಏಳು ಗಂಟೆಗೆ ದೋಣಿ ಹೊರಡುವ ಅವಸರದಲ್ಲಿ ನಿಂತವನ ಮುಂದೆ, ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವ ಹಾಳೆಯನ್ನಿಟ್ಟು ‘ಇಲ್ಲಿ ಸಹಿ ಮಾಡಿ ಸಾರ್’ ಎಂದರೆ, ಎಲ್ಲ ಪ್ರಶ್ನೆಗಳಿಗೂ ‘ಇಲ್ಲ’ ಎಂದು ಗುರುತು ಹಾಕದೆ ಅವನು ಇನ್ನೇನು ಮಾಡಿಯಾನು? ಆ ಪತ್ರವು ಕನ್ನಡದಲ್ಲಿರಬೇಕು, ಮತ್ತು ಹಣ ಕೊಡುವ ಮುನ್ನವೇ, ಮನೆಯಲ್ಲಿ ಕುಳಿತು ಓದುವಂತೆ ಅವನಿಗೆ ದೊರೆಯಬೇಕು. ನಮ್ಮ ಕರಾವಳಿಯಲ್ಲಿ ಈ ಒಂದು ಸುಧಾರಣೆಗೆ ವೆಚ್ಚವೇನೂ ಇಲ್ಲ.

ಬೋಧಕನೊಬ್ಬನು ಎಷ್ಟು ಮಂದಿಯನ್ನು ಒಯ್ಯಬಹುದೆಂಬುದು ಮತ್ತೊಂದು ಮುಖ್ಯ ಪ್ರಶ್ನೆ. ತೆರೆದ ಸಮುದ್ರದಲ್ಲಿ ನಾಲ್ವರವರೆಗೆ ಒಯ್ಯಲು ಸಂಸ್ಥೆಗಳ ನಿಯಮ ಅವಕಾಶ ಕೊಡುತ್ತದೆ. ಆದರೆ ನಾಲ್ವರಲ್ಲಿ ಒಬ್ಬನು ಮೇಲಕ್ಕೆ ಚಿಮ್ಮಿದರೆ ಅವನನ್ನು ಹಿಂಬಾಲಿಸುವುದೋ, ತಳದಲ್ಲಿ ಉಳಿದ ಮೂವರನ್ನು ಕಾಯುವುದೋ ಎಂಬ ಧರ್ಮಸಂಕಟಕ್ಕೆ ಆ ನಿಯಮದಲ್ಲಿ ಉತ್ತರವಿಲ್ಲ. ಭಾರತದ ಹಲವು ತಾಣಗಳಲ್ಲಿ ಒಬ್ಬ ಹೊಸಬನಿಗೆ ಒಬ್ಬ ಬೋಧಕನಂತೆ, ಹಿಂದಿನಿಂದ ಸಿಲಿಂಡರಿನ ಕತ್ತನ್ನು ಹಿಡಿದೇ ನಡೆಸಿಕೊಂಡು ಹೋಗುವ ರೂಢಿಯಿದೆ. ಇದು ನಿಸ್ಸಂಶಯವಾಗಿ ಉತ್ತಮವಾದುದು. ಆದರೆ ಹಿಂದಿನಿಂದ ಹಿಡಿದವನಿಗೆ ಮುಂದಿನವನ ಕಣ್ಣುಗಳು ಕಾಣುವುದಿಲ್ಲ, ಮಾಸ್ಕಿನೊಳಗೆ ನೀರಿನ ಮಟ್ಟ ಏರುತ್ತಿರುವುದೂ ಕಾಣುವುದಿಲ್ಲ. ಭಯವನ್ನು ಮೊದಲು ತೋರಿಸುವುದು ಕಣ್ಣು. ಅಲ್ಲದೆ, ಛಾಯಾಚಿತ್ರವೂ ಚಲಚ್ಚಿತ್ರವೂ ಶುಲ್ಕದಲ್ಲಿಯೇ ಸೇರಿರುವ ಈ ದಿನಗಳಲ್ಲಿ ಬೋಧಕನ ಒಂದು ಕೈ ಕ್ಯಾಮೆರಾಕ್ಕೆ ಮೀಸಲಾಗುವ ದುರಭ್ಯಾಸವೂ ಹಬ್ಬಿದೆ. ಚಿತ್ರ ತೆಗೆಯುವವನು ಬೇರೆಯವನೇ ಆಗಿರಬೇಕೆಂದು ಕೇಳುವ ಹಕ್ಕು ಪ್ರವಾಸಿಗೆ ಉಂಟು. ದಿನಕ್ಕೆ ಹಲವು ಸಲ ಇಳಿದು ಏರುವ ಬೋಧಕನೂ ಮನುಷ್ಯನೇ. ಅವನ ಆಯಾಸವು ಕೊನೆಯ ಸರದಿಯವನ ಅಪಾಯವಾಗುತ್ತದೆ.

ನೀರೊಳಗಿನ ಅಪಾಯಗಳಷ್ಟೇ ಮೇಲ್ಮೈಯ ಅಪಾಯಗಳೂ ಉಂಟು: ದೋಣಿಯ ತಿರುಗುಚಕ್ರ, ಅಲೆಗೆ ಏರಿಳಿಯುವ ಕಬ್ಬಿಣದ ಏಣಿ, ಸೆಳವು, ಸಮುದ್ರಯಾನದ ವಾಂತಿಯಿಂದ ಬಳಲಿದ ದೇಹ. ನೇತ್ರಾಣಿಯು ತೀರದಿಂದ ದೂರದ, ಸುತ್ತಲೂ ಕಡಿದಾದ ಬಂಡೆಗಳುಳ್ಳ ದ್ವೀಪವಾದುದರಿಂದ ಅಲ್ಲಿ ಹೊಸಬರು ನಿಂತು ಅಭ್ಯಾಸ ಮಾಡತಕ್ಕ ತಗ್ಗುನೀರಿನ ಮರಳುದಂಡೆ ಸುಲಭವಾಗಿ ದೊರೆಯದು. ಮಾಸ್ಕಿನ ನೀರನ್ನು ತೆಗೆಯುವುದು, ರೆಗ್ಯುಲೇಟರನ್ನು ಮರಳಿ ಹಿಡಿಯುವುದು ಮುಂತಾದ ಪಾಠಗಳನ್ನು ಹಿಂದಿನ ದಿನವೇ ಕೊಳದಲ್ಲಿ ಮಾಡಿಸುವ ಸಂಸ್ಥೆಯನ್ನೇ ಆರಿಸಿಕೊಳ್ಳುವುದು ಅಲ್ಲಿ ವಿಶೇಷವಾಗಿ ಅವಶ್ಯಕ. ಮಳೆಗಾಲದಲ್ಲಿ ಸಮುದ್ರ ಒರಟಾಗಿರುವುದರಿಂದ ಅಲ್ಲಿನ ನಿಮಜ್ಜನ ನಿಲ್ಲುತ್ತದೆ. ಋತುವಿನ ಆದಿ ಅಂತ್ಯಗಳಲ್ಲಿ ನೀರು ಕದಡಿ, ಕೈಯಳತೆಯಲ್ಲಿರುವ ಬೋಧಕನೂ ಮಸುಕಾಗಿ ಕಾಣುವ ದಿನಗಳುಂಟು.

ಸಾರಜನಕದ ಗುಳ್ಳೆಗಳಿಂದ ಬರುವ ನಿಪೀಡನರೋಗವು ಜನಜನಿತವಾದುದಾದರೂ ಪ್ರಥಮ ನಿಮಜ್ಜನದಲ್ಲಿ ವಿರಳ. ಪ್ಯಾಡಿಯ ಪಟ್ಟಿಯ ಪ್ರಕಾರ 12 ಮೀಟರಿನಲ್ಲಿ ತಡೆದು ನಿಲ್ಲದೆ ಮೇಲೇರಬಹುದಾದ ಅವಧಿ 147 ನಿಮಿಷಗಳಷ್ಟಿದ್ದು, ಹೊಸಬನು ಇರುವುದು ಅದರ ಒಂದು ಸಣ್ಣ ಅಂಶ. ಆದರೂ ನಿಮಜ್ಜನದ ಬಳಿಕ ಎತ್ತರಕ್ಕೆ ಹೋಗುವುದರಲ್ಲಿ ಎಚ್ಚರ ಬೇಕು. ಒಂದೇ ಸಲ ಇಳಿದವರು ಕನಿಷ್ಠ 12 ಗಂಟೆ, ಹಲವು ಸಲ ಇಳಿದವರು 18 ಗಂಟೆ ವಿಮಾನವೇರಬಾರದೆಂಬುದು ತಜ್ಞರ ಸಲಹೆ. ಅಂಡಮಾನಿನಿಂದ ಮರುದಿನದ ಮುಂಜಾನೆಯ ವಿಮಾನವನ್ನು ಮೊದಲೇ ಗೊತ್ತುಮಾಡಿಕೊಂಡಿರುವವರು ಇದನ್ನು ನೆನಪಿಡಬೇಕು. ಈ ಸಲಹೆ ಅನ್ವಯಿಸುವುದು ಸುಮಾರು 600 ಮೀಟರಿಗೆ ಮೇಲ್ಪಟ್ಟ ಎತ್ತರಗಳಿಗೆ. ಬೆಂಗಳೂರು ಸುಮಾರು 900 ಮೀಟರಿನ ಎತ್ತರದಲ್ಲಿರುವುದರಿಂದ, ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ಸಂಜೆಯ ಬಸ್ಸಿನಲ್ಲಿ ಘಟ್ಟ ಹತ್ತುವವರಿಗೂ ಇದರ ಅರ್ಥವುಂಟು: ಒಂದು ರಾತ್ರಿ ಕರಾವಳಿಯಲ್ಲಿಯೇ ತಂಗುವುದು ವಿವೇಕ.

ಕಾನೂನಿನ ಮಟ್ಟಿಗೆ ಹೇಳುವುದಾದರೆ, ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ರಾಜ್ಯದ ಕ್ರಮ ಮಾದರಿಯೆನ್ನಬಹುದಾದುದು. 1998ರ ಜನವರಿಯಲ್ಲಿ ಪೋರ್ಟ್ ಡಗ್ಲಸ್ಸಿನಿಂದ ಹೊರಟ ದೋಣಿಯೊಂದು ಎಣಿಕೆ ತಪ್ಪಿ ದಂಪತಿಗಳಿಬ್ಬರನ್ನು ಸಮುದ್ರದಲ್ಲಿಯೇ ಬಿಟ್ಟು ಮರಳಿದ ದುರಂತದ ತರುವಾಯ ಅಲ್ಲಿ ತಲೆಯೆಣಿಕೆಯ ನಿಯಮಗಳು ಬಿಗಿಯಾದವು. 2011ರಲ್ಲಿ ಜಲವಿಹಾರಗಳ ಸುರಕ್ಷತೆಗೆಂದೇ ಪ್ರತ್ಯೇಕ ಶಾಸನ ಬಂದಿತು. ಭಾರತದಲ್ಲಿ 2018ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಆಶ್ರಯದಲ್ಲಿ ಸಾಹಸ ಪ್ರವಾಸೋದ್ಯಮದ ಮಾರ್ಗಸೂಚಿಗಳು ಪ್ರಕಟವಾದುವು, ಸ್ಕೂಬಾ ನಿಮಜ್ಜನವೂ ಅವುಗಳಲ್ಲಿ ಅಡಕವಾಗಿದೆ. ಆದರೆ ಮಾರ್ಗಸೂಚಿಗೂ ಶಾಸನಕ್ಕೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಅನಾಹುತವಾದಾಗಿನ ಚಿಕಿತ್ಸೆಯ ವಿಷಯದಲ್ಲಿ ದೋಣಿಯವರೂ ಪ್ರವಾಸಿಗಳೂ ತಿಳಿದಿರಬೇಕಾದುದು ಇಷ್ಟು. ಮೇಲೆ ಬಂದ ಸ್ವಲ್ಪ ಹೊತ್ತಿನೊಳಗೆ ಮಾತು, ನೋಟ, ನಡೆ, ಪ್ರಜ್ಞೆ ಇವುಗಳಲ್ಲಿ ಯಾವುದು ಕೆಟ್ಟರೂ ಅದನ್ನು ವಾಯುರೋಧವೆಂದೇ ಭಾವಿಸಿ, ರೋಗಿಯನ್ನು ಸಮತಟ್ಟಾಗಿ ಅಂಗಾತ ಮಲಗಿಸಿ, ಶುದ್ಧ ಆಮ್ಲಜನಕವನ್ನು ಕೊಡಬೇಕು. ತಲೆಯನ್ನು ತಗ್ಗಿಸಿ ಮಲಗಿಸುವ ಹಳೆಯ ಪದ್ಧತಿಯನ್ನು ವೈದ್ಯರು ಈಗ ಕೈಬಿಟ್ಟಿದ್ದಾರೆ. ತುರ್ತಿನ ಆಮ್ಲಜನಕದ ಸಿಲಿಂಡರು ದೋಣಿಯಲ್ಲಿಯೇ ಇದೆಯೇ ಎಂದು ಹೊರಡುವ ಮುನ್ನ ಕೇಳಿ, ಕಣ್ಣಾರೆ ನೋಡಿ ಹೊರಡಬೇಕು. ನಿಜವಾದ ಚಿಕಿತ್ಸೆ ನಡೆಯುವುದು ಅಧಿಕ ಒತ್ತಡದ ಕೊಠಡಿಯಲ್ಲಿ: ರೋಗಿಯನ್ನು 18 ಮೀಟರಿನ ಆಳಕ್ಕೆ ಸಮನಾದ ಒತ್ತಡಕ್ಕೆ ಒಯ್ದು ಆಮ್ಲಜನಕವನ್ನುಣಿಸಿ ಕ್ರಮಕ್ರಮವಾಗಿ ಹೊರತರುವ ಅಮೆರಿಕದ ನೌಕಾಪಡೆಯ ಆರನೆಯ ಪಟ್ಟಿ ಎಲ್ಲೆಡೆಯೂ ಬಳಕೆಯಲ್ಲಿದ್ದು, ಒಂದು ಸಲದ ಚಿಕಿತ್ಸೆಗೇ 4 ಗಂಟೆ 45 ನಿಮಿಷ ಹಿಡಿಯುತ್ತದೆ. ನಮ್ಮ ದೇಶದಲ್ಲಿ ಈ ವೈದ್ಯದ ಪ್ರಮುಖ ಕೇಂದ್ರ ಮುಂಬಯಿಯ ಅಶ್ವಿನಿ ನೌಕಾ ಆಸ್ಪತ್ರೆ. ರೋಗಿಯನ್ನು ಸಾಗಿಸುವಾಗಲೂ ಆದಷ್ಟು ತಗ್ಗಿನ ದಾರಿಯಲ್ಲೇ ಒಯ್ಯಬೇಕು, ಏಕೆಂದರೆ ಎತ್ತರ ಏರಿದಂತೆಲ್ಲ ಗುಳ್ಳೆಗಳು ಇನ್ನಷ್ಟು ಹಿಗ್ಗುತ್ತವೆ. ಅಂಥ ಕೊಠಡಿಯಿರುವ ಅತಿ ಸಮೀಪದ ಆಸ್ಪತ್ರೆ ಯಾವುದು, ಅದರ ದೂರವಾಣಿ ಸಂಖ್ಯೆ ಏನು, ಅಲ್ಲಿಗೆ ಸಮುದ್ರಮಟ್ಟದ ದಾರಿ ಯಾವುದು ಎಂಬ ಮೂರು ವಿವರಗಳನ್ನು ಪ್ರತಿಯೊಂದು ದೋಣಿಯಲ್ಲಿಯೂ ಎಲ್ಲರಿಗೂ ಕಾಣುವಂತೆ ಕನ್ನಡದಲ್ಲಿ ಬರೆದು ಹಾಕಿರಬೇಕು.